ತೆರೆಯ ಮುಂದೆ ಕೂಗಿದ ಹೆಸರು

ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಒಂಬತ್ತು ವರ್ಷ ನೂಲಿನ ಲಡಿ ಸುತ್ತಿದ ಹೆಂಗಸೊಬ್ಬಳನ್ನು ಆಡಳಿತದವರ ಕೈಗೆ ಹಿಡಿದುಕೊಟ್ಟವರು ನಮ್ಮ ಕಾರ್ಮಿಕ ಸಂಘದವರು. ಹಿಡಿದುಕೊಟ್ಟದ್ದನ್ನು ಮುಚ್ಚಿಹಾಕಲು ಸುಳ್ಳು ಠರಾವು ಮಾಡಿದವರೂ ಅವರೇ. ಕಾರ್ಯದರ್ಶಿಯೂ ಸೇರಿ ಸಮಿತಿಯ ಏಳು ಮಂದಿ ಈ ಎರಡಕ್ಕೂ ಹೊಣೆಗಾರರು. ಎಂಟನೆಯವನು ನಾನು. ಸಮಿತಿಯಲ್ಲಿ ನನಗೆ ಮತವಿರಲಿಲ್ಲ, ನಿಜ. ಆದರೆ ಅವಳನ್ನು ತೋರಿಸಿದ ಕೋಲು ನನ್ನ ಕೈಯಲ್ಲಿತ್ತು. ಸುಳ್ಳು ಬರೆದ ಲೇಖನಿಯೂ ನನ್ನದೇ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಕೂಗಿಸಿದ್ದೇ ಸಾಕು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ, ಹಾಗೆ ಕರೆಯುವ ಯೋಗ್ಯತೆ ಈಗ ಉಳಿದಿಲ್ಲವಾದರೂ.

ನಾನು ಬೆಳೆದದ್ದು ಗಿರಣಿ ಕೆಲಸಗಾರರ ಓಣಿಯಲ್ಲಿ. ಅವ್ವ ಅದೇ ಗಿರಣಿಯ ರೀಲಿಂಗ್ ವಿಭಾಗದಲ್ಲಿ, ಎಂದರೆ ನೂಲನ್ನು ಲಡಿಯಾಗಿ ಸುತ್ತುವ ಕಡೆ, ಇಪ್ಪತ್ತು ವರ್ಷ ದುಡಿದು ದಮ್ಮು ಹಿಡಿದ ಮೇಲೆ ಮನೆಯಲ್ಲಿ ಕೂತವಳು. ಅವ್ವನ ಕೊನೆಯ ವರ್ಷಗಳಲ್ಲಿ ಪಕ್ಕದ ರೀಲಿನಲ್ಲಿ ಕೂರುತ್ತಿದ್ದವಳು ಅಕ್ಕ. ಅವ್ವ ಬೆಳಗಿನ ಪಾಳಿಗೆ ಹೋಗಿ ತನಗೆ ಕೆಲಸವಿಲ್ಲದ ದಿನ ನನ್ನನ್ನು ಎಬ್ಬಿಸಿ, ರೊಟ್ಟಿ ಕೊಟ್ಟು, ಹೈಸ್ಕೂಲಿಗೆ ಕಳಿಸುತ್ತಿದ್ದವಳೂ ಅವಳೇ. ನನ್ನ ತಲೆ ಬಾಚುವಾಗ ತನ್ನ ಕೂದಲಿನಿಂದ ಹತ್ತಿಯ ಎಳೆ ಉದುರಿದರೆ, "ನೋಡು ತಮ್ಮ, ನನಗೆ ಈಗ್ಲೇ ನೆರೆ ಬಂದೈತೆ" ಎಂದು ನಗುತ್ತಿದ್ದಳು.

ಅರವತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ನಾನು ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಮುಗಿಸಿ, ಕೆಲಸವಿಲ್ಲದೆ, ಕ್ರಾಂತಿಯ ಕುರಿತ ಮಾತುಗಳನ್ನು ಮಾತ್ರ ಹೊತ್ತುಕೊಂಡು ಊರಿಗೆ ಮರಳಿದ್ದೆ. ಸಂಘದ ಕಾರ್ಯದರ್ಶಿ ನನ್ನನ್ನು ಕರೆದು ಒಂದು ಕೆಲಸ ಕೊಟ್ಟರು. ಅದಕ್ಕೆ ಹೆಸರಿರಲಿಲ್ಲ. ಜನ ನನ್ನನ್ನು 'ಸಿನಿಮಾ ಹೇಳೋನು' ಎಂದು ಕರೆದರು.

ಸಂಘಕ್ಕೆ ಮುಂಬಯಿಯ ಕಡೆಯಿಂದ ಚಿತ್ರಗಳು ಬರುತ್ತಿದ್ದವು. ಹಡಗುಕಟ್ಟೆಯ ಹಮಾಲರ ಚಿತ್ರ, ಕಲ್ಲಿದ್ದಲ ಗಣಿಯ ಚಿತ್ರ, ಎಲ್ಲಿಯೋ ಹಿಮದಲ್ಲಿ ಮೆರವಣಿಗೆ ಹೊರಟವರ ಚಿತ್ರ. ಕೆಲವಕ್ಕೆ ಮಾತೇ ಇರಲಿಲ್ಲ. ಮಾತಿದ್ದವು ನಮ್ಮವರಿಗೆ ತಿಳಿಯದ ಭಾಷೆಯವು. ಹತ್ತಿ ಮಂಡಿಯ ಹಿಂದಿನ ಹೆಂಚಿನ ಷೆಡ್ಡೇ ಸಂಘದ ಕಚೇರಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದರ ಕಿಟಕಿಗಳಿಗೆ ಗೋಣಿತಾಟು ಬಡಿದು ಕತ್ತಲೆ ಮಾಡುತ್ತಿದ್ದೆವು. ತೆರೆಯೆಂದರೆ ಗಿರಣಿಯದೇ ಕೋರಾ ಬಟ್ಟೆ. ಎರಡು ಅಗಲ ಸೇರಿಸಿ ಅವ್ವ ಹೊಲಿದುಕೊಟ್ಟಿದ್ದಳು. ನಡುವೆ ಹೊಲಿಗೆಯ ಗೀಟು ಇದ್ದುದರಿಂದ ಎಂಥ ದೊಡ್ಡ ನಾಯಕನ ಮೂಗಾದರೂ ಅಲ್ಲಿಗೆ ಬಂದಾಗ ಸೊಟ್ಟಗಾಗುತ್ತಿತ್ತು. ನಾನು ತೆರೆಯ ಎಡಕ್ಕೆ ಬಿದಿರು ಕೋಲು ಹಿಡಿದು ನಿಂತು, ಕಾಣುವುದನ್ನು ತೋರಿಸಿ ತೋರಿಸಿ ಕನ್ನಡದಲ್ಲಿ ಹೇಳಬೇಕು. ಇವನು ಯಾರು, ಅವನಿಗೆ ಯಾಕೆ ಸಿಟ್ಟು ಬಂತು, ಆ ಸಿಟ್ಟಿಗೂ ನಿಮ್ಮ ಪಾಳಿಯ ಸೈರನ್ನಿಗೂ ಏನು ಸಂಬಂಧ.

ನನಗೆ ಅದು ಬಹಳ ಇಷ್ಟವಾಗಿತ್ತು. ಓದು ಬರಹ ಬಾರದವರು ಹಿಮದ ನಾಡಿನ ಮುದುಕಿಯೊಬ್ಬಳನ್ನು ಕಂಡು "ಪಾಪ, ಕಾಲಿಗೆ ಚಪ್ಲಿ ಇಲ್ಲ ನೋಡ್ರಿ" ಎಂದು ಮರುಗುವಾಗ, ಸಾವಿರ ಕರಪತ್ರ ಮಾಡದ ಕೆಲಸವನ್ನು ಹತ್ತು ನಿಮಿಷದ ಬೆಳಕು ಮಾಡಿತಲ್ಲ ಎಂದು ಉಬ್ಬುತ್ತಿದ್ದೆ. ಆ ಬೆಳಕಿನ ಪಕ್ಕದಲ್ಲಿ ನಿಂತವನ ಮುಖವೂ ಸ್ವಲ್ಪ ಬೆಳಗುತ್ತದೆಂಬುದು ನನಗೆ ಬೇಗ ಗೊತ್ತಾಯಿತು. ಉಬ್ಬಿದ್ದಕ್ಕೆ ಅದೂ ಒಂದು ಕಾರಣ.

ಗಿರಣಿಯಲ್ಲಿ ಆಗ ಕೂಸುಗಳನ್ನು ಮಲಗಿಸಲು ಜಾಗವಿರಲಿಲ್ಲ. ಕಾಯಿದೆ ಕೇಳುತ್ತಿತ್ತು, ಗಿರಣಿ ಕೊಡುತ್ತಿರಲಿಲ್ಲ. ರೀಲಿಂಗ್ ವಿಭಾಗದ ತಾಯಂದಿರು ಗೇಟಿನ ಹೊರಗಿನ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಒಬ್ಬ ಮುದುಕಿಯನ್ನು ಕಾವಲಿಗೆ ಕೂರಿಸಿ ಒಳಗೆ ಹೋಗುತ್ತಿದ್ದರು. ಒಂದು ದಿನ ಹತ್ತಿ ಅಂಡಿಗೆ ಹೇರಿಕೊಂಡು ಬಂದ ಗಾಡಿಯ ಎತ್ತು ಬೆದರಿ ಮರಕ್ಕೆ ನುಗ್ಗಿತು. ಒಂದು ಜೋಳಿಗೆ ಕಿತ್ತುಬಿದ್ದು ಕೂಸಿನ ತೋಳು ಮುರಿಯಿತು. ಅದು ಅಕ್ಕನ ಕೂಸಲ್ಲ; ಅಕ್ಕನ ಮಗಳು ಆಗಲೇ ಶಾಲೆಗೆ ಹೋಗುತ್ತಿದ್ದಳು. ಆದರೂ ಆ ಸಂಜೆ ಓಣಿಯ ನಲ್ಲಿಯ ಹತ್ತಿರ ಹೆಂಗಸರು ಸೇರಿ ಆಡಿದ ಮಾತಿನ ನಡುವೆ ಇದ್ದವಳು ಅವಳು. ತೀರ್ಮಾನ ಹೀಗಾಯಿತು: ಮಾರನೆಯ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಹದಿನೆಂಟು ಹೆಂಗಸರು ಗೇಟಿನ ಮುಂದೆ ಕೂತುಬಿಡಬೇಕು, ತೊಟ್ಟಿಲ ಕೋಣೆಯ ಮಾತು ಕೊಡುವವರೆಗೂ ಯಾರನ್ನೂ ಒಳಗೆ ಬಿಡಬಾರದು. ಎಲ್ಲರೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿರಬೇಕು. ಆಮೇಲೆ ಕರೆದು ವಿಚಾರಿಸಿದರೆ ಒಂದೇ ಉತ್ತರ.

ಅವರು ಹಾಗೆ ಕೂತ ದಿನ ಮುಂಬಯಿಯಿಂದ ಕ್ಯಾಮೆರಾ ತಂದವರೊಬ್ಬರು ನಮ್ಮಲ್ಲಿದ್ದರು. ಕಾರ್ಮಿಕರ ಬದುಕನ್ನು ಚಿತ್ರಿಸಿ ಊರೂರಿಗೆ ತೋರಿಸುವುದು ಅವರ ಕೆಲಸ. ಗೇಟಿನ ಪಕ್ಕದ ಮನೆಯ ಮಾಳಿಗೆಯ ಮೇಲೆ ನಾನೇ ಅವರನ್ನು ಹತ್ತಿಸಿದೆ. ಅವರು ದೂರದಿಂದಲೇ, ಹೆಚ್ಚಾಗಿ ಬೆನ್ನ ಕಡೆಯಿಂದಲೇ ಚಿತ್ರ ತೆಗೆದರು. ಇಳಿದು ಬಂದ ಮೇಲೆ ಹಿಂದಿ ಬೆರೆಸಿದ ಕನ್ನಡದಲ್ಲಿ ನನಗೊಂದು ಮಾತು ಹೇಳಿದರು: "ಇದರಲ್ಲಿ ಯಾರಿಗೂ ಹೆಸರು ಇಲ್ಲ. ಹೇಳುವಾಗ ನೀವೂ ಹೆಸರು ಹೇಳಬೇಡಿ." ನಾನು ತಲೆಯಾಡಿಸಿದೆ.

ಹೆಂಗಸರು ಗೆದ್ದರು. ಒಂದು ಗಂಟೆಯೊಳಗೆ ಮ್ಯಾನೇಜರರು ಬಂದು ಮಾತು ಕೊಟ್ಟರು; ತಿಂಗಳು ಕಳೆಯುವಷ್ಟರಲ್ಲಿ ತಗಡಿನ ಮಾಡಿನ ಕೋಣೆಯೊಂದು ಎದ್ದಿತು. ಮಾತು ಕೊಟ್ಟರೂ ಸಿಟ್ಟು ಬಿಟ್ಟಿರಲಿಲ್ಲ. ಕೂತವರು ಸರಿ, ಪಾಳಿಯವರು ನುಗ್ಗಲು ಬಂದಾಗ ಎದ್ದು ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತವಳು ಯಾರು? ರೀಲಿಂಗ್ ವಿಭಾಗದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕಚೇರಿಗೆ ಕರೆಸಿ ಕೇಳಿದರು. "ಎಲ್ಲರೂ, ಸಾಹೇಬ್ರೆ" ಎಂದಳು ಮೊದಲನೆಯವಳು. "ಎಲ್ಲರೂ ಹೆಂಗೆ ಒಂದೇ ಜಾಗದಾಗೆ ನಿಂತ್ಕೊಳ್ತಾರೆ?" ಎಂದು ಜಾಬರ್, ಎಂದರೆ ಆ ವಿಭಾಗದ ಮೇಸ್ತ್ರಿ, ಗದರಿದನಂತೆ. "ಸಾಲಿಗೆ ನಿಂತಿದ್ವಿ ಬಿಡ್ರಿ" ಎಂದಳಂತೆ ಅವಳು. ಒಬ್ಬಳಾದರೂ ಬೇರೆ ಮಾತು ಆಡಲಿಲ್ಲ. ಐದು ತಿಂಗಳು ಆ ಗುಟ್ಟು ಗಂಡಂದಿರ ಮುಂದೆ ನಗೆಯಾಗಿ ಓಡಾಡಿತು, ಗಿರಣಿಯೊಳಗೆ ಮಾತ್ರ ಕಾಲಿಡಲಿಲ್ಲ. ಸಿನಿಮಾ ಹೇಳುವುದನ್ನು ನಾನು ರಾಜಕೀಯ ಶಿಕ್ಷಣ ಎನ್ನುತ್ತಿದ್ದೆನಲ್ಲ, ಅದನ್ನು ಆ ಹೆಂಗಸರು ನಲ್ಲಿಯ ಹತ್ತಿರ ತಾವೇ ಮಾಡಿಕೊಂಡಿದ್ದರು. ಅದು ಆಗ ನನ್ನ ತಲೆಗೆ ಹೋಗಲಿಲ್ಲ.

ಚಿತ್ರದ ರೀಲು ತೊಳೆದು ಜೋಡಣೆಯಾಗಿ ಮುಂಬಯಿಯಿಂದ ಬಂದಾಗ ಮೊದಲು ತೋರಿಸಿದ್ದು ಹರಿಹರದಲ್ಲಿ. ಅಲ್ಲಿಯ ಕಾರ್ಖಾನೆಯ ಕೆಲಸಗಾರರು ಹೊಳೆಯ ಕಡೆಯ ಒಂದು ಛತ್ರವನ್ನು ಗೊತ್ತುಮಾಡಿದ್ದರು. ನಾನು ನನ್ನ ಎಂ.ಎ. ಕನ್ನಡದಲ್ಲಿ 'ಶೋಷಿತ ಸ್ತ್ರೀಶಕ್ತಿಯ ಉತ್ಥಾನ' ಎಂದು ಶುರುಮಾಡಿದೆ. ಹನ್ನೆರಡು ನಿಮಿಷ ಓಡಿ ಚಿತ್ರ ಮುಗಿಯಿತು. ಕೊನೆಗೆ ಮುಂದಿನ ಸಾಲಿನ ಹಿರಿಯ ಫಿಟ್ಟರ್ ಒಬ್ಬರು ಕೇಳಿದರು: "ಯಾರ ಮನಿ ಹೆಣ್ಮಕ್ಳಪ್ಪ ಇವರು? ಒಬ್ರಿಗೂ ಮುಖಾನೇ ಇಲ್ವಲ್ಲ."

ಮರಳುವ ರೈಲಿನಲ್ಲಿ ಕಾರ್ಯದರ್ಶಿ ಕಿಟಕಿಯ ಕಡೆ ನೋಡುತ್ತಲೇ ನನ್ನನ್ನು ಕುಟುಕಿದರು. "ಏನಪ್ಪ, ಉತ್ಥಾನ ಅಂತ ಅಂದ್ಯಲ್ಲ, ಕೂತಿದ್ದೋರು ಒಬ್ರಾದ್ರೂ ಎದ್ರಾ? ಜನಕ್ಕೆ ತಮ್ಮೋರು ಅನ್ನಿಸ್ಬೇಕು. ಮುಂದಿನ ಭಾನುವಾರ ನಮ್ಮೂರಾಗೆ ಐತೆ, ಏನಾದ್ರೂ ಮಾಡು." ದಾವಣಗೆರೆ ಬರುವಷ್ಟರಲ್ಲಿ ನನಗೆ ಉಪಾಯ ಹೊಳೆದಿತ್ತು. ನಮ್ಮೂರಿನವರಿಗೆ ಮುಖ ಯಾಕೆ ಬೇಕು? ನಡಿಗೆ ನೋಡಿದರೆ ಸಾಲದೆ? ಕೋಲು ತೋರಿಸಿ "ಯಾರಿದು?" ಎನ್ನುತ್ತೇನೆ, ಸಭೆಯೇ ಹೆಸರು ಕೂಗಲಿ. ಮಾತಿಲ್ಲದ ಚಿತ್ರಕ್ಕೆ ಜನರೇ ಮಾತು ಕೊಡಲಿ. ಹೇಳಿದಾಗ ಕಾರ್ಯದರ್ಶಿ ನನ್ನ ಬೆನ್ನು ಚಪ್ಪರಿಸಿದರು. ಮುಂಬಯಿಯವರ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆದರೆ ಈಗಲೂ ತಪ್ಪಿಸಿಕೊಳ್ಳಬಹುದು. ಮರೆತಿರಲಿಲ್ಲ.

ಸಮಿತಿ ಇನ್ನೆರಡು ತೀರ್ಮಾನ ಮಾಡಿತು. ಷೆಡ್ಡು ಚಿಕ್ಕದು, ಈ ವಾರ ಗಂಡಸರಿಗೆ ಮಾತ್ರ. ಹೆಂಗಸರಿಗೆ ಬೇರೊಂದು ದಿನ ತೋರಿಸೋಣ. ಜಾಬರುಗಳನ್ನೂ ಕರೆಯೋಣ, ಅವರೂ ಕೂಲಿಯವರೇ, ನೋಡಿ ಮನಸ್ಸು ತಿರುಗಲಿ. ಎರಡನ್ನೂ ನಾನು ಕೇಳಿಸಿಕೊಂಡೆ. ಎರಡಕ್ಕೂ ಸುಮ್ಮನಿದ್ದೆ. ಆ 'ಬೇರೊಂದು ದಿನ' ಇವತ್ತಿನವರೆಗೂ ಬಂದಿಲ್ಲ.

ಭಾನುವಾರ ಷೆಡ್ಡು ತುಂಬಿ ಬಾಗಿಲಿಗೆ ಜನ ಜೋತುಬಿದ್ದಿದ್ದರು. ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಬೆಳಕು ತೆರೆಯ ಮೇಲೆ ಬಿದ್ದಿತು. ಗೇಟಿನ ಕಡೆಗೆ ಬಿರುಬಿರನೆ ನಡೆದು ಹೋಗುವ ಹೆಂಗಸರ ಬೆನ್ನು ಕಂಡಿತು. ನಾನು ಕೋಲಿಟ್ಟೆ. "ಯಾರಿದು?"

ಮೊದಲು ಗುಸುಗುಸು. ಆಮೇಲೆ ಒಬ್ಬ ಎದ್ದೇ ಬಿಟ್ಟ. "ನನ್ನ ಹೆಂಡ್ತಿ! ಸಂತೆಗೂ ಹಿಂಗೇ ಹೋಗ್ತಾಳ್ರಿ, ನಾನು ಹಿಂದೆ ಬುಟ್ಟಿ ಹೊತ್ಕೊಂಡು!" ಷೆಡ್ಡು ನಗೆಯಿಂದ ಅಲ್ಲಾಡಿತು. ಅವಳ ಹೆಸರನ್ನು ಹತ್ತು ಜನ ಕೂಗಿದರು. ಕೋಲು ಮುಂದಕ್ಕೆ ಹೋಯಿತು. "ಇದು?" "ಲೇ, ಆ ಚಪ್ಲಿ ನಂದಲೇ! ಅವತ್ತು ಅದಕ್ಕೇ ಬರಿಗಾಲಾಗೆ ಪಾಳಿಗೆ ಹೋಗಿದ್ದೆ!" ಮತ್ತೊಂದು ಹೆಸರು. ಅಣ್ಣ ತಂಗಿಯನ್ನು, ಗಂಡ ಹೆಂಡತಿಯನ್ನು, ಮಾವ ಸೊಸೆಯನ್ನು ಗುರುತಿಸಿದರು. ಸೆರಗು ಮುಚ್ಚಿದ್ದನ್ನೆಲ್ಲ ನಾವು ಗಂಡಸರು ಹೆಮ್ಮೆಯಿಂದ ತೆರೆದೆವು. ಇಷ್ಟು ಜೀವಂತವಾದ ಸಭೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೊನೆಗೆ ಆ ಬೆನ್ನು ಬಂದಿತು. ಗೇಟಿಗೆ ಅಡ್ಡವಾಗಿ, ಎರಡೂ ಕೈ ಚಾಚಿ, ನುಗ್ಗಿ ಬರುವ ಪಾಳಿಯ ಎದುರು ಒಬ್ಬಳೇ. ಅವ್ವನ ಹೊಲಿಗೆಯ ಗೀಟು ಅವಳ ಬೆನ್ನ ನಡುವೆ ಬಿದ್ದಿತ್ತು. ನನಗೆ ಅದು ಯಾರೆಂದು ಗೊತ್ತಿತ್ತು. ನನ್ನ ತಲೆ ಬಾಚಿದ ಕೈಗಳು ಅವು. "ಯಾರಿದು?" ಎಂದೆ.

ಹಿಂದಿನಿಂದ ಒಂದು ದನಿ ಹೆಸರು ಹೇಳಿತು. ಅರ್ಧ ಷೆಡ್ಡು ಅದನ್ನೇ ಕೂಗಿತು. ಆ ಹೊತ್ತಿಗೆ ನಾನು ಸಭೆಯ ಕಡೆ ತಿರುಗಿದ್ದೆ. ಮೂರನೆಯ ಸಾಲಿನಲ್ಲಿ ರೀಲಿಂಗ್ ವಿಭಾಗದ ಜಾಬರ್ ಕೂತಿದ್ದ. ಅವನ ಮಡಿಲಲ್ಲಿ ಮಂಡಕ್ಕಿ ಪೊಟ್ಟಣವಿತ್ತು. ಬಾಯಿಗೆ ಹೋಗುತ್ತಿದ್ದ ಕೈ ನಡುವೆಯೇ ನಿಂತಿತು. ನಾನು ಅದನ್ನು ನೋಡಿದೆ. ಸ್ಪಷ್ಟವಾಗಿ ನೋಡಿದೆ. ನೋಡಿದ ಮೇಲೂ ಕೋಲನ್ನು ನೆಲಕ್ಕೆ ಕುಟ್ಟಿ, "ಕೇಳಿಸಲಿಲ್ಲ, ಇನ್ನೊಮ್ಮೆ!" ಎಂದೆ. ಅವರು ಇನ್ನೊಮ್ಮೆ ಕೂಗಿದರು. ಚಪ್ಪಾಳೆಗೆ ಹೆಂಚಿನ ಧೂಳು ಉದುರಿತು. ಆ ಚಪ್ಪಾಳೆ ತೆರೆಯ ಮೇಲಿನವಳಿಗೆ ಎಷ್ಟು ಸೇರಿತೋ ಅಷ್ಟೇ ನನಗೂ ಸೇರಿತೆಂದು ನಾನು ಎಣಿಸಿದ್ದೆ.

ಅಕ್ಕ ಬದಲಿ ಕೆಲಸದವಳು. ಒಂಬತ್ತು ವರ್ಷವಾದರೂ ಕಾಯಂ ಆಗಿರಲಿಲ್ಲ. ಬದಲಿಯವರ ಪದ್ಧತಿ ಎಂದರೆ ಹೀಗೆ: ಪಾಳಿಯ ಸೈರನ್ನಿಗೆ ಮೊದಲು ಗೇಟಿನ ಒಳಗೆ ಸಾಲಾಗಿ ನಿಲ್ಲಬೇಕು, ಯಾರು ಬಂದಿಲ್ಲವೆಂದು ನೋಡಿಕೊಂಡು ಜಾಬರ್ ಸಾಲಿನಲ್ಲಿ ಬೇಕಾದವರ ಹೆಸರು ಕರೆಯುತ್ತಾನೆ, ಕರೆದವರಿಗೆ ಆ ದಿನದ ಕೆಲಸ, ಉಳಿದವರು ಮನೆಗೆ. ಯಾರನ್ನಾದರೂ ತೆಗೆದುಹಾಕಲು ಕಾಗದ ಬೇಕಿಲ್ಲ, ವಿಚಾರಣೆ ಬೇಕಿಲ್ಲ, ಬೈಗುಳವೂ ಬೇಕಿಲ್ಲ. ಹೆಸರು ಕರೆಯದಿದ್ದರೆ ಸಾಕು. ಸೋಮವಾರ ಅವಳ ಹೆಸರು ಕರೆಯಲಿಲ್ಲ. ಮಂಗಳವಾರವೂ ಇಲ್ಲ. ಹನ್ನೊಂದು ದಿನ ಅವಳು ಸಾಲಿನಲ್ಲಿ ನಿಂತಳು. ಹನ್ನೆರಡನೆಯ ದಿನ ಕೇಳಿಯೇಬಿಟ್ಟಳು. ಜಾಬರ್ ನಕ್ಕನಂತೆ: "ನಿನ್ನ ಹೆಸ್ರು ಈಗ ಭಾಳ ದೊಡ್ಡದಾಗೈತಮ್ಮ. ನಮ್ಮ ಸಣ್ಣ ರಿಜಿಸ್ಟರ್‌ನಾಗೆ ಹಿಡಿಯಂಗಿಲ್ಲ."

ಅವಳು ನೇರವಾಗಿ ಸಂಘದ ಕಚೇರಿಗೆ ಬಂದಳು. ನಾನು ಮೇಜಿನ ಹಿಂದೆ ಕೂತಿದ್ದೆ. "ತಮ್ಮ, ಯಾರು ಹೇಳಿದ್ರು ಅವನಿಗೆ?" ಎಂದಳು. ನಮ್ಮ ಹೆಂಗಸರಲ್ಲೇ ಯಾರೋ ಬಾಯಿಬಿಟ್ಟಿದ್ದಾರೆಂದು ಅವಳ ಸಂಶಯ. ಗೆಳತಿಯರ ಮೇಲೆ ಹಾಗೆ ಸಂಶಯಪಡಬೇಕಾದ್ದಕ್ಕೇ ಅವಳ ಕಣ್ಣು ತುಂಬಿತ್ತು. ಆ ಕ್ಷಣ ಹೇಳಬಹುದಿತ್ತು. "ವಿಚಾರಿಸ್ತೀವಿ ಅಕ್ಕ, ನೀ ಮನಿಗೆ ಹೋಗು" ಎಂದೆ. ಹೆಂಗಸರು ಬೈದಾರೆಂದು ಭಾನುವಾರದ ಸುದ್ದಿಯನ್ನು ಮನೆಯಲ್ಲಿ ಎತ್ತದೆ ಇದ್ದ ಓಣಿಯ ಗಂಡಸರ ಬಾಯಿಂದ ಆ ಸಂಜೆಯೇ ಅವಳಿಗೆ ಎಲ್ಲವೂ ತಿಳಿಯಿತು. ನನ್ನ ಬಾಯಿಂದ ತಿಳಿಯಲಿಲ್ಲ.

ಅವಳ ಪರವಾಗಿ ಯಾರೋ ಅರ್ಜಿ ಬರೆದುಕೊಟ್ಟರು. ಹೆಬ್ಬೆಟ್ಟು ಒತ್ತಿ ಲೇಬರ್ ಆಫೀಸರಿಗೆ ಕಳಿಸಿದಳು. ಅವರು ಸಂಘದ ಅಭಿಪ್ರಾಯ ಕೇಳಿ ಪತ್ರ ಬರೆದರು. ಸಮಿತಿ ಸೇರಿತು. ಕಾರ್ಯದರ್ಶಿಯ ತರ್ಕ ಇಷ್ಟು: "ನಾವು ಇದನ್ನ ಎತ್ತಿದ್ರೆ ಗೇಟಿಗೆ ಅಡ್ಡ ನಿಂತಾಕಿ ಅವಳೇ ಅಂತ ನಾವೇ ಒಪ್ಪಿದಂಗೆ. ಆಮೇಲೆ ಸಿನಿಮಾ ತರ್ಸಿ ನೋಡ್ತಾರೆ. ಉಳಿದ ಹದಿನೇಳು ಮಂದಿ ಮ್ಯಾಲೂ ಸಾಕ್ಷಿ ಸಿಗತೈತೆ, ರೀಲೂ ಹೋಗತೈತೆ. ಒಬ್ಬಾಕಿ ಸಲುವಾಗಿ ಎಲ್ಲಾರ್ನೂ ಬಲಿ ಕೊಡಾಕೆ ಆಗ್ತೈತೇನ್ರಿ?" ಉಳಿದ ಹದಿನೇಳರಲ್ಲಿ ಇಬ್ಬರು ಸಮಿತಿಯವರದೇ ಮನೆಯವರು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾರ್ಯದರ್ಶಿ ಠರಾವಿನ ಪುಸ್ತಕವನ್ನು ನನ್ನ ಕಡೆ ಸರಿಸಿದರು. "ನೀನೇ ಬರಿ. ನಿನ್ನ ಕನ್ನಡ ಚಂದ ಐತೆ."

ನಾನು ಬರೆದೆ. 'ಸದರಿ ಕಾರ್ಮಿಕ ಮಹಿಳೆ ಸ್ವಂತ ಕಾರಣಗಳಿಂದ ಕೆಲಸಕ್ಕೆ ಬರುವುದನ್ನು ತಾವಾಗಿಯೇ ನಿಲ್ಲಿಸಿದ್ದಾರೆಂದು ಸಂಘಕ್ಕೆ ತಿಳಿದುಬಂದಿದೆ.' ಅಕ್ಷರ ದುಂಡಗೆ ಬಂದಿತ್ತು. ಏಳು ಜನ ಸಹಿ ಹಾಕಿದರು. ನಕಲು ಲೇಬರ್ ಆಫೀಸರಿಗೆ ಹೋಯಿತು. ಅವಳದೇ ಸಂಘದ ಮಾತೆಂದ ಮೇಲೆ ಅವರು ಅರ್ಜಿಯನ್ನು ಮುಗಿಸಿಬಿಟ್ಟರು. ಮಾಲೀಕರು ಒಂದು ಬೆರಳೂ ಎತ್ತಬೇಕಾಗಲಿಲ್ಲ.

ಅಕ್ಕನ ಮನೆಗೆ ಆಗಲೇ ಬೀಗ ಬಿದ್ದಿತ್ತು. ಗಂಡನನ್ನು ಕಳೆದುಕೊಂಡವಳು, ಮಗಳನ್ನು ಕರೆದುಕೊಂಡು ಮಲೆಬೆನ್ನೂರಿನ ಕಡೆಯ ತನ್ನ ಅಣ್ಣನ ಊರಿಗೆ ಹೊರಟುಹೋಗಿದ್ದಳು. ಹೋಗುವ ದಿನ ಅವ್ವನ ಹತ್ತಿರ ಬಂದು ಕೂತಿದ್ದಳು. ನಾನು ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ.

ಅಲ್ಲಿಗೆ ನಿಂತಿದ್ದರೆ ಹೇಡಿತನ ಎನ್ನಬಹುದಿತ್ತು. ಚಿತ್ರ ನಿಲ್ಲಲಿಲ್ಲ. ದಾವಣಗೆರೆಯಲ್ಲಿ ಅದು ಗೆದ್ದ ಸುದ್ದಿ ಕೇಳಿ ಹರಿಹರದವರು ಮತ್ತೆ ಕರೆದರು. ಈ ಸಲ ನನಗೆ ಜನರ ನಾಡಿ ಗೊತ್ತಿತ್ತು. ಆ ಬೆನ್ನು ಬಂದಾಗ ದನಿ ತಗ್ಗಿಸಿ, "ಇವಳಿಗೆ ಹೆಸರಿಲ್ಲ. ಇವಳು ನಿಮ್ಮೆಲ್ಲರ ಮನೆಯ ಮಗಳು" ಎಂದೆ. ಹೆಸರನ್ನು ಬಯಲಿಗೆಳೆದು ಅನ್ನ ಕಿತ್ತ ಮೇಲೆ ಹೆಸರಿಲ್ಲ ಎಂದೆ! ಜನ ಚಪ್ಪಾಳೆ ತಟ್ಟಿದರು. ಹೋದ ಸಲದ ಅದೇ ಹಿರಿಯ ಫಿಟ್ಟರ್ ಮುಂದೆ ಕೂತಿದ್ದರು. ಚಪ್ಪಾಳೆ ನಿಂತ ಮೇಲೆ ಕೇಳಿದರು: "ಗಟ್ಟಿ ಹೆಣ್ಮಗಳು. ಈಗ ಎಲ್ಲಿ ಅದಾಳಪ್ಪ? ಅಲ್ಲೇ ಕೆಲಸಕ್ಕೆ ಹೋಗ್ತಾಳೇನು?"

ಕಾರ್ಯದರ್ಶಿ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. "ಹೂಂ, ಹೋಗ್ತಾಳೆ" ಎಂದೆ.

"ಒಳ್ಳೇದಾತು ಬಿಡು" ಎಂದು ಫಿಟ್ಟರ್ ಮನಸಾರೆ ತಲೆಯಾಡಿಸಿದರು. ಆ ಮುದುಕರ ಸಮಾಧಾನದ ಮುಖ ನನ್ನನ್ನು ಕಾಡಿದಷ್ಟು ಬೇರಾವುದೂ ಕಾಡಿಲ್ಲ. ಸಂಘದ ಚಿತ್ರಗಳು ಕಾರ್ಮಿಕನಿಗೆ ಸತ್ಯ ತೋರಿಸುತ್ತವೆಂದು ನಾನೇ ಕರಪತ್ರ ಬರೆದಿದ್ದೆ.

ಮುಂದಿನ ವಾರ ಒಗೆಯಲೆಂದು ತೆರೆಯನ್ನು ಮನೆಗೆ ತಂದೆ. ಸಂಜೆ ನೋಡಿದರೆ ಅವ್ವ ನಡುವಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತ ಕೂತಿದ್ದಳು. "ಯಾಕವ್ವ?" ಎಂದೆ. ತಲೆ ಎತ್ತಲಿಲ್ಲ. "ನಾನು ಹೊಲಿದಿದ್ದು. ಬಿಚ್ಚಾಕೆ ಯಾರನ್ನ ಕೇಳ್ಬೇಕು?" ಎರಡು ಅಗಲವನ್ನೂ ಬೇರೆ ಬೇರೆ ಮಡಿಸಿ ಗೂಡಿಗಿಟ್ಟಳು. ದಮ್ಮು ಎಳೆದುಕೊಂಡು ಮತ್ತೆ ಹೇಳಿದಳು: "ಇಪ್ಪತ್ತು ವರ್ಷ ಆ ರೀಲಿಂಗ್ ಖಾತೆಯಾಗೆ ಕುಂತಿದ್ದೆ. ಒಬ್ರ ಹೆಸ್ರು ಒಬ್ರು ಜಾಬರ್ ಮುಂದೆ ಎತ್ತಿದೋರಲ್ಲ ನಾವು. ನಿನ್ನ ಓದ್ಸಿದ್ದು ಅದಕ್ಕೇನು?" ಸಂಘಕ್ಕೆ ಬೇರೆ ತೆರೆ ಬಂದಿತು. ನಾನು ಹೋಗುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ಅದೂ ನನ್ನ ಲೆಕ್ಕದ ಅಪರಾಧವೇ.

ಅಕ್ಕನನ್ನು ಕಾಣಲು ನನಗೆ ಎರಡು ವರ್ಷ ಹಿಡಿಯಿತು. ಮಲೆಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಾಲುವೆಯ ಏರಿಯ ಮೇಲೆ ನಡೆದೆ. ನಾಟಿಯ ಕಾಲ. ಕೆಸರುಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರ ಸಾಲು. ಸೆರಗು ತಲೆಯ ಮೇಲೆ, ಮುಖ ನೆಲದ ಕಡೆ. ಅವಳು ಯಾರೆಂದು ಬೆನ್ನಿನಿಂದಲೇ ಗುರುತಿಸಿದೆ; ಗುರುತಿಸಿದ್ದಕ್ಕೆ ನಾಚಿದೆ. ಕೂಗಿ ಕರೆಯಲಿಲ್ಲ. ಸಾಲು ಬದುವಿಗೆ ಬರುವವರೆಗೂ ಕಾದೆ.

ನನ್ನನ್ನು ಕಂಡು ಅವಳು ಕೈ ತೊಳೆದುಕೊಂಡಳು. ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. "ನಿಮ್ಮವ್ವ ಹೆಂಗದಾಳೆ?" ಎಂದಳು. ಹೇಳಿದೆ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ: ಕೋಲು, ಜಾಬರ್, ಇನ್ನೊಮ್ಮೆ ಎಂದದ್ದು, ಠರಾವು, ಹರಿಹರ. ಅವಳು ಕಾಲಿನ ಕೆಸರನ್ನು ಹುಲ್ಲಿಗೆ ಒರೆಸುತ್ತ ಕೇಳಿದಳು.

"ನಾನು ಆ ಸಿನಿಮಾ ನೋಡೇ ಇಲ್ಲ ತಮ್ಮ" ಎಂದಳು ಕೊನೆಗೆ. "ಹೆಂಗೈತೆ?"

ನಾನು ಬದುವಿನ ಹುಲ್ಲು ಕೀಳತೊಡಗಿದೆ.

"ನಾವು ಅಲ್ಲಿದ್ದಿದ್ರೆ ನಿಮ್ಮ ಬಾಯಿ ಮುಚ್ಚಿಸ್ತಿದ್ವಿ. ಅದಕ್ಕೇ ಕರೀಲಿಲ್ಲೇನು ನಮ್ಮನ್ನ?" ಅವಳು ನಗಲಿಲ್ಲ. "ಹದಿನೆಂಟು ಹೆಂಗಸ್ರು ಐದು ತಿಂಗ್ಳು ಹೊಟ್ಟ್ಯಾಗೆ ಇಟ್ಕೊಂಡಿದ್ದನ್ನ ನೀವು ಗಂಡಸ್ರು ಮಂಡಕ್ಕಿ ತಿನ್ನೋದ್ರಾಗೆ ಉಗುಳಿಬಿಟ್ರಿ."

"ತಪ್ಪಾತು ಅಕ್ಕ" ಎಂದೆ.

"ಅದನ್ನ ಇಲ್ಲಿ ಬದುವಿನ ಮ್ಯಾಲೆ ಹೇಳಿದ್ರೆ ಯಾರಿಗೆ ಕೇಳಿಸತೈತೆ? ಕೂಗುವಾಗ ಊರಿಗೆಲ್ಲಾ ಕೇಳಂಗೆ ಕೂಗಿದ್ರಿ." ಸಾಲಿನ ಹೆಂಗಸರು ಮತ್ತೆ ಗದ್ದೆಗಿಳಿಯುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡಳು. "ನಾನಾಗೇ ಬಿಟ್ಟೆ ಅಂತ ಬುಕ್ಕಿನಾಗೆ ಬರ್ದೀಯಲ್ಲ, ಅದನ್ನ ಹೊಡೆದುಹಾಕ್ಸು. ನಾನು ಬಿಡಲಿಲ್ಲ. ಹನ್ನೊಂದು ದಿನ ನಿಂತಿದ್ದೆ ನಾನು. ಅದನ್ನ ಬರೀರಿ. ಕೆಲಸ ಕೊಡ್ಸಿದ್ರೆ ಬರ್ತೀನಿ. ಕೈ ಇನ್ನೂ ರೀಲು ಮರೆತಿಲ್ಲ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನಿಮ್ಮವ್ವಗೆ ನಾನು ಕೇಳ್ದೆ ಅಂತ ಹೇಳು." ನನಗಾಗಿ ಯಾವ ಮಾತನ್ನೂ ಬಿಟ್ಟುಹೋಗಲಿಲ್ಲ. ಅದು ನ್ಯಾಯವಾಗಿತ್ತು.

ಅಲ್ಲಿಂದ ಬಂದ ಮೇಲೆ ಕಾರ್ಯದರ್ಶಿಯವರನ್ನು ಮೂರು ಸಲ ಕಂಡೆ. ಮೊದಲ ಸಲ ಚಹಾ ಕುಡಿಸಿದರು. ಎರಡನೆಯ ಸಲ "ಹಳೇದನ್ನ ಕೆದಕಿದ್ರೆ ಸಂಘ ಒಡೀತೈತೆ" ಎಂದರು. ಮೂರನೆಯ ಸಲ "ಬರ್ದೋನು ನೀನೇ ಅಲ್ವೇನಪ್ಪ?" ಎಂದು ನಕ್ಕರು. ಹೌದು, ಬರೆದವನು ನಾನೇ. ಆ ನಗೆಗೆ ಹೆದರಿ ಇನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವರ ಪಾಲಿಗೆ ನನ್ನ ನಾಚಿಕೆಯೇ ಬೀಗವಾಗಿತ್ತು. ಆ ಬೀಗವನ್ನು ನಾನೇ ಇಲ್ಲಿ ಒಡೆದಿದ್ದೇನೆ. ಇನ್ನು ಅವರು ಬೇರೇನನ್ನಾದರೂ ಹುಡುಕಿಕೊಳ್ಳಬೇಕು, ಇಲ್ಲವೇ ಉತ್ತರ ಕೊಡಬೇಕು.

ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯನ್ನು ಈ ಮೂಲಕ ವಿಧಿವತ್ತಾಗಿ ಕೇಳುತ್ತಿದ್ದೇನೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಠರಾವನ್ನು ಗಟ್ಟಿಯಾಗಿ ಓದಿ, ಅದು ಸುಳ್ಳೆಂದು ಒಪ್ಪಿ, ರದ್ದುಪಡಿಸಬೇಕು. ಅದರ ಜಾಗದಲ್ಲಿ, ಹೆಸರು ಕೂಗಿಸಿದವರು ನಾವೆಂಬುದನ್ನೂ ಅವಳು ಹನ್ನೊಂದು ದಿನ ಸಾಲಿನಲ್ಲಿ ನಿಂತಿದ್ದಳೆಂಬುದನ್ನೂ ಬರೆಯಬೇಕು. ಬರೆಯಲು ಬೇರೊಬ್ಬರನ್ನು ನೇಮಿಸಬೇಕು. ಸಹಿ ನಾನೂ ಹಾಕುತ್ತೇನೆ. ಆ ಸಭೆಗೆ ರೀಲಿಂಗ್ ವಿಭಾಗದ ಹೆಂಗಸರನ್ನು ಮೊದಲ ಸಾಲಿಗೆ ಕರೆಯಬೇಕು. ಮೊದಲಿನ ಉತ್ತರ ತಪ್ಪೆಂದು ಲೇಬರ್ ಆಫೀಸರಿಗೆ ತಿಳಿಸಿ, ಅವಳ ಅರ್ಜಿಯನ್ನು ಮತ್ತೆ ತೆರೆಯುವಂತೆ ಕೇಳಬೇಕು. ಅವಳನ್ನು ಕೆಲಸಕ್ಕೆ, ಬದಲಿಯಾಗಿ ಅಲ್ಲ, ಕಾಯಂ ಆಗಿ ತೆಗೆದುಕೊಳ್ಳಬೇಕೆಂಬುದನ್ನು ಗಿರಣಿಯ ಮುಂದಿಡುವ ಬೇಡಿಕೆಗಳಲ್ಲಿ ಮೊದಲನೆಯದಾಗಿ ಸೇರಿಸಬೇಕು. ಆ ಚಿತ್ರವನ್ನು ಆ ಹದಿನೆಂಟು ಮಂದಿ ನೋಡಿ ಒಪ್ಪುವ ತನಕ ಬೇರೆ ಯಾವ ಊರಿಗೂ ಕಳಿಸಕೂಡದು.

ಹರಿಹರದ ಹಿರಿಯರಿಗೆ ನಾನೇ ಹೋಗಿ ನಿಜ ಹೇಳುತ್ತೇನೆ. ಅದಕ್ಕೆ ಸಮಿತಿಯ ಅಪ್ಪಣೆ ಬೇಕಿಲ್ಲ.

ಈ ಪತ್ರಕ್ಕೆ ತಾವು ಕೊಡುವ ಉತ್ತರವನ್ನು ನನಗೆ ಕಳಿಸುವುದು ಬೇಡ. ಮಲೆಬೆನ್ನೂರಿನ ಕಡೆಯ ಆ ಊರಿಗೆ, ಅವಳ ಮನೆಗೆ, ಓದಿ ಹೇಳಬಲ್ಲ ಒಬ್ಬ ಸದಸ್ಯರ ಕೈಯಲ್ಲಿ ಕಳಿಸಿಕೊಡಬೇಕೆಂದು ವಿನಂತಿಸುತ್ತೇನೆ.